ಕೀಟಗಳ ಮನೆಗೆ ಹೊಗೆಸೊಪ್ಪಿನ ಕಡ್ಡಿ ಬೇಡ

ಕೊಯ್ಲು ಮುಗಿದ ಮೇಲೆ ಹುಣಸೂರು, ಪಿರಿಯಾಪಟ್ಟಣಗಳ ಹೊಲಗಳಲ್ಲಿ ಹೊಗೆಸೊಪ್ಪಿನ ಬೋಳು ಕಡ್ಡಿಗಳು ಸಾಲುಸಾಲಾಗಿ ನಿಂತಿರುವುದನ್ನು ವಾಚಕರು ಕಂಡಿರಬಹುದು. ಎಲೆಗಳು ಬ್ಯಾರನ್ನುಗಳಲ್ಲಿ ಹದಗೊಂಡು ಹರಾಜಿಗೆ ಹೋದಮೇಲೆ ಆ ಕಡ್ಡಿಗಳನ್ನು ಕೇಳುವವರು ವಿರಳ. ಶಾಲೆಯ ತೋಟದಲ್ಲಿ ಕೀಟಗಳಿಗೊಂದು ಮನೆ ಕಟ್ಟಹೊರಟ ವಿದ್ಯಾರ್ಥಿಗೆ, ಬೆಲೆಯಿಲ್ಲದೆ ದೊರೆಯುವ ಇದಕ್ಕಿಂತ ಅನುಕೂಲವಾದ ಸಾಮಗ್ರಿ ಬೇರೊಂದಿಲ್ಲವೆಂದು ತೋರುವುದು ಸಹಜ. ಅದನ್ನು ಮಾತ್ರ ಬಳಸಕೂಡದೆಂಬುದು ನನ್ನ ವಾದ.

ಇಂಥ ಮನೆಯನ್ನು ಪಾಶ್ಚಾತ್ಯರು ಕೀಟಗಳ ಹೋಟೆಲು ಎನ್ನುತ್ತಾರೆ. ನಮ್ಮಲ್ಲಿ ಹೋಟೆಲೆಂದರೆ ಇಡ್ಲಿ ಕಾಫಿಯ ನೆನಪಾಗುತ್ತದೆ. ಇಲ್ಲಿ ಊಟವಿಲ್ಲ, ಬಿಡಾರ ಮಾತ್ರ. ಊಟವನ್ನು ತಾಯಿಯೇ ತರುತ್ತಾಳೆ. ಎಲೆ ಕತ್ತರಿಸುವ ಒಂಟಿಜೇನು ಎಲೆಯ ತುಣುಕುಗಳನ್ನು ಕೊಳವೆಯೊಳಗೆ ಒಯ್ದು ಬಟ್ಟಲಿನಂತೆ ಜೋಡಿಸಿ, ಪರಾಗ ಮಕರಂದಗಳ ಉಂಡೆಯಿರಿಸಿ, ಅದರ ಮೇಲೊಂದು ಮೊಟ್ಟೆಯಿಟ್ಟು ಬಾಗಿಲು ಮುಚ್ಚುತ್ತದೆ. ಮರಿಹುಳು ವಾರಗಟ್ಟಲೆ ಆ ಕತ್ತಲ ಕೋಣೆಯಲ್ಲಿಯೇ ಬೆಳೆಯತಕ್ಕದ್ದು. ತೊಗರಿಯ ಹೂವಿಗೆ ಪರಾಗಸ್ಪರ್ಶ ಮಾಡುವ ಕೀಟಗಳಲ್ಲಿ ಈ ಜೇನುಗಳು ಮುಖ್ಯವಾದುವು.

ಹೊಗೆಸೊಪ್ಪಿನ ಗಿಡವಾದರೋ ನಿಕೋಟಿನನ್ನು ಬೇರಿನಲ್ಲಿ ತಯಾರಿಸಿ ಮೇಲಕ್ಕೆ ಕಳುಹಿಸುತ್ತದೆ. ಅದು ಎಲೆಯಲ್ಲಿ ಹೆಚ್ಚು, ಕಾಂಡದಲ್ಲಿ ಕಡಿಮೆ. ಕಾಂಡದಲ್ಲಿ ಇಲ್ಲವೇ ಇಲ್ಲವೆಂದಲ್ಲ. ಕೀಟಗಳ ನರಮಂಡಲವನ್ನು ಕೆಡಿಸುವ ಈ ವಿಷವೇ ಗಿಡದ ರಕ್ಷಣೆ. ಸಸ್ಯಹೇನುಗಳನ್ನು ಕೊಲ್ಲಲು ಹೊಗೆಸೊಪ್ಪಿನ ಕಷಾಯವನ್ನು ಸಿಂಪಡಿಸುವ ಪದ್ಧತಿ ಹಳೆಯದು. ಮೆಕ್ಸಿಕೋ ನಗರದ ಗುಬ್ಬಚ್ಚಿಗಳು ಸೇದಿ ಬಿಸುಟ ಸಿಗರೇಟಿನ ತುಂಡುಗಳನ್ನು ಗೂಡಿಗೆ ತಂದಿಡುತ್ತವೆಂದೂ, ಅಂಥ ಗೂಡುಗಳಲ್ಲಿ ಪರೋಪಜೀವಿಗಳು ಕಡಿಮೆಯೆಂದೂ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಗುಬ್ಬಚ್ಚಿಗೆ ಅದು ಲಾಭ. ಆದರೆ ನಾವು ಕರೆಯುತ್ತಿರುವ ಅತಿಥಿ ಗುಬ್ಬಚ್ಚಿಯಲ್ಲ.

ಒಣಗಿ ಮಳೆಯಲ್ಲಿ ತೊಯ್ದ ಕಡ್ಡಿಯಲ್ಲಿ ವಿಷ ಎಷ್ಟು ಉಳಿದೀತೆಂದು ಕೇಳುವವರುಂಟು. ಅತ್ಯಲ್ಪವೇ ಇರಬಹುದು. ಆದರೆ ನಿರಪಾಯವಾದ ವಸ್ತು ಕೈಗೆಟಕುತ್ತಿರುವಾಗ, ಓಡಿಹೋಗಲಾರದ ಮರಿಯನ್ನು ಆ ಪರೀಕ್ಷೆಗೆ ಒಡ್ಡುವುದೇಕೆ?

ಮೇದರು ಬುಟ್ಟಿ ಹೆಣೆದು ಉಳಿಸಿದ ಸಣ್ಣ ಬಿದಿರಿನ ತುಂಡುಗಳು ಶ್ರೇಷ್ಠ. ಹಿತ್ತಲಿನ ಹರಳುಗಿಡದ ಟೊಳ್ಳು ಕಾಂಡವೂ ಆದೀತು. ಭತ್ತದ ಕಣಜವೆಂದು ಹೆಸರಾದ ಕೃಷ್ಣರಾಜನಗರದಲ್ಲಿ ಹುಲ್ಲು ಹೇರಳವಾಗಿದ್ದರೂ ಅದರ ಕೊಳವೆ ಬಹಳ ಕಿರಿದು. ನೆನೆದರೆ ಬೂಷ್ಟು ಹಿಡಿಯುತ್ತದೆ. (ಕಣಜವೆಂಬ ಹೆಸರಿನ ಕೀಟವೂ ಇಂಥ ಮನೆಗೆ ಬರುವುದುಂಟು, ಅಂಜಬೇಕಾಗಿಲ್ಲ, ಒಂಟಿ ಕಣಜಗಳು ಸಾಮಾನ್ಯವಾಗಿ ಕೆಣಕಿದಲ್ಲದೆ ಕುಟುಕವು.) ಹೆಗ್ಗಡದೇವನಕೋಟೆಯವರು ನಾಗರಹೊಳೆ ರಾಷ್ಟ್ರೀಯ ಉದ್ಯಾನದೊಳಗಿನ ಬಿದಿರಿಗೆ ಕೈಹಾಕಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನು ನಿಷೇಧಿಸುತ್ತದೆ. ಅಲ್ಲದೆ ಅಲ್ಲಿ ಬಿದ್ದ ಒಣ ಬಿದಿರು ಆಗಲೇ ಯಾವುದೋ ಕೀಟದ ಮನೆಯಾಗಿರುವ ಸಂಭವವಿದೆ. ಬಣ್ಣ, ಅರಗು ಬಳಿದ ಮರವೂ ಬೇಡ.

ಕೊಳವೆಗಳ ಒಳವ್ಯಾಸ 3ರಿಂದ 10 ಮಿಲಿಮೀಟರ್, ಉದ್ದ ಸುಮಾರು 15 ಸೆಂಟಿಮೀಟರ್ ಇರಲಿ. ಹಿಂದಣ ತುದಿಯನ್ನು ಗಿಣ್ಣು ಮುಚ್ಚಿರಲಿ. ಬಾಯಿಯ ಸಿಬರನ್ನು ಉಜ್ಜಿ ತೆಗೆಯದಿದ್ದರೆ ರೆಕ್ಕೆ ಹರಿಯುತ್ತದೆ. ಮುಂಗಾರು ನೈಋತ್ಯದಿಂದ ಬೀಸುವುದರಿಂದ ಕಟ್ಟನ್ನು ಸೂರಿನ ಕೆಳಗೆ, ಪೂರ್ವಕ್ಕೆ ಮುಖಮಾಡಿ ಬಿಗಿಯುವುದು ಲೇಸು. ಜೇನುಗಳು ಹೊರಬಿದ್ದ ಹಳೆಯ ಕೊಳವೆಗಳನ್ನು ಆಗಾಗ ಬದಲಿಸದಿದ್ದರೆ ನುಸಿಯೂ ಬೂಷ್ಟೂ ಸೇರಿಕೊಳ್ಳುತ್ತವೆ. ಜೇನುಗಳ ಪ್ರಭೇದಗಳಲ್ಲಿ ಬಹುಪಾಲು ನೆಲದೊಳಗೇ ಗೂಡು ಮಾಡತಕ್ಕವಾದ್ದರಿಂದ, ಕಟ್ಟಿನ ಹತ್ತಿರ ಚಾಪೆಯಗಲದ ಬರಿನೆಲವನ್ನು ಅಗೆಯದೆ, ಸಿಮೆಂಟು ಹಾಕದೆ ಬಿಟ್ಟಿರಬೇಕು.