ನಗರದ ಮಾತಿನಲ್ಲಿ ನಿಮ್ಮ ಮಾತೂ ಸೇರಲಿ

2025ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್ ನಗರ ಕೌನ್ಸಿಲ್ ಮುಂದೆ ಒಂದು ಠರಾವು ಬಂತು. ರೈಲು ನಿಲ್ದಾಣಗಳ ಮತ್ತು ಮುಖ್ಯ ಬಸ್ ನಿಲ್ದಾಣಗಳ ಆಸುಪಾಸಿನಲ್ಲಿ ಎತ್ತರದ ವಸತಿ ಕಟ್ಟಡಗಳಿಗೆ ದಾರಿ ಮಾಡಿಕೊಡುವ ಎಸ್‌ಬಿ 79 ಮಸೂದೆ ಆಗ ಕ್ಯಾಲಿಫೋರ್ನಿಯ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಚರ್ಚೆಯಲ್ಲಿತ್ತು. ಅದನ್ನು ನಗರ ವಿರೋಧಿಸಬೇಕು ಎನ್ನುತ್ತಿತ್ತು ಆ ಠರಾವು. ಎಂಟು ಸದಸ್ಯರು ಒಪ್ಪಿದರು, ಐವರು ಒಪ್ಪಲಿಲ್ಲ. ಮೇಯರ್ ಕರೆನ್ ಬ್ಯಾಸ್ ಸಮ್ಮತಿ ನೀಡಿದರು. ವಿರೋಧ ನಗರದ ಅಧಿಕೃತ ನಿಲುವಾಯಿತು. ಆದರೂ ಮಸೂದೆ ಎರಡೂ ಸದನಗಳನ್ನು ದಾಟಿತು. ಅಕ್ಟೋಬರ್ 10ರಂದು ಗವರ್ನರ್ ಗ್ಯಾವಿನ್ ನ್ಯೂಸಮ್ ಅದಕ್ಕೆ ಸಹಿ ಹಾಕಿದರು.

ಹಾಗಾದರೆ ನಗರದ ಮಾತಿಗೆ ಬೆಲೆ ಏನು ಬಂತು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರಕ್ಕಾಗಿ ಅದಕ್ಕೂ ಆರು ವರ್ಷ ಹಿಂದೆ ಹೋಗಬೇಕು. 2019ರ ಏಪ್ರಿಲ್‌ನಲ್ಲಿ ಇದೇ ಬಗೆಯ ಇನ್ನೊಂದು ಮಸೂದೆ, ಎಸ್‌ಬಿ 50, ಬಂದಿತ್ತು. ಎರಡನ್ನೂ ಮಂಡಿಸಿದವರು ಒಬ್ಬರೇ, ರಾಜ್ಯ ಸೆನೆಟರ್ ಸ್ಕಾಟ್ ವೀನರ್. ಅಂದು ಕೌನ್ಸಿಲ್ ಅದನ್ನು 12–0 ಮತಗಳಿಂದ ವಿರೋಧಿಸಿತು. ಒಬ್ಬರೂ ಬೇರೆ ಮಾತಾಡಲಿಲ್ಲ. ಆ ಮಸೂದೆ 2020ರ ಜನವರಿಯಲ್ಲಿ ಸೆನೆಟ್‌ನಲ್ಲೇ ಬಿದ್ದುಹೋಯಿತು. ಒಮ್ಮತದಿಂದ ಬೇಡ ಎಂದಿದ್ದ ಕೌನ್ಸಿಲ್ ಆರು ವರ್ಷಗಳಲ್ಲಿ ಇಬ್ಭಾಗವಾಯಿತು. ಸದಸ್ಯರಲ್ಲಿ ಹಲವರು ಬದಲಾಗಿದ್ದರು ನಿಜ. ಅವರನ್ನು ಆರಿಸಿ ಕಳಿಸಿದ ಜನರೂ ಬಾಡಿಗೆಯ ಬಗ್ಗೆ, ಮನೆಗಳ ಕೊರತೆಯ ಬಗ್ಗೆ, ತಮ್ಮ ಬೀದಿಗಳ ಬಗ್ಗೆ ಮತ್ತೆ ಮತ್ತೆ ಮಾತಾಡಿದ್ದರು.

ಎಸ್‌ಬಿ 79 ಒಳ್ಳೆಯದೋ ಕೆಟ್ಟದ್ದೋ ಎಂಬುದು ಈ ಬರಹದ ವಿಷಯವಲ್ಲ. ಅದರ ಬಗ್ಗೆ ನಿಮ್ಮಲ್ಲೇ ಎರಡು ಅಭಿಪ್ರಾಯ ಇರಬಹುದು, ಇರಲಿ. ಇಂಥ ಚರ್ಚೆಗಳಲ್ಲಿ ನಮ್ಮವರ ದನಿ ತೀರಾ ಅಪರೂಪ ಎಂಬುದೇ ನನ್ನ ಕಳವಳ. ಅಮೆರಿಕದ ನಗರಗಳಲ್ಲಿ ವರ್ಷಗಟ್ಟಲೆ ನೆಲೆಸಿ, ತೆರಿಗೆ ಕಟ್ಟಿ, ಮಕ್ಕಳನ್ನು ಇಲ್ಲಿನ ಶಾಲೆಗಳಿಗೆ ಕಳಿಸುತ್ತಿರುವ ಕನ್ನಡಿಗರಾದ ನಿಮ್ಮಲ್ಲಿ ಒಂದು ಮಾತು ಕೇಳಿಕೊಳ್ಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಇಂಥ ಠರಾವು ಸಾಗುವ ದಾರಿಯನ್ನು ನೋಡೋಣ. ಅದು ನಾವು ಅಂದುಕೊಂಡಷ್ಟು ದೂರದ್ದಲ್ಲ.

ಲಾಸ್ ಏಂಜಲೀಸಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ರಾಜ್ಯದ್ದೇ ಇರಲಿ, ಫೆಡರಲ್ ಸರ್ಕಾರದ್ದೇ ಇರಲಿ, ಯಾವುದೇ ಮಸೂದೆ, ನಿಯಮ ಅಥವಾ ನೀತಿಯ ಬಗ್ಗೆ ನಗರದ ಹೆಸರಿನಲ್ಲಿ ಅಭಿಪ್ರಾಯ ಹೇಳಬೇಕಾದರೆ ಮೊದಲು ಕೌನ್ಸಿಲ್ ಠರಾವು ಪಾಸು ಮಾಡಬೇಕು, ಮೇಯರ್ ಸಮ್ಮತಿಸಬೇಕು. ಹದಿನೈದು ಸದಸ್ಯರಲ್ಲಿ ಒಬ್ಬರು ಠರಾವು ಮಂಡಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ. ಅದಕ್ಕೊಂದು ಫೈಲ್ ನಂಬರ್ ಬೀಳುತ್ತದೆ. ಮೊದಲು ವರ್ಷದ ಎರಡು ಅಂಕಿ, ಆಮೇಲೆ 0002, ಕೊನೆಗೆ ಎಸ್ ಅಕ್ಷರದ ಜೊತೆ ಒಂದು ಕ್ರಮಸಂಖ್ಯೆ. ಕಾರ್ಯಸೂಚಿಯಲ್ಲಿ ಈ 0002 ಕಂಡರೆ, ನಗರ ಇನ್ನೊಂದು ಸರ್ಕಾರದ ಕಾನೂನಿನ ಬಗ್ಗೆ ಮಾತಾಡಲು ಹೊರಟಿದೆ ಎಂದು ತಿಳಿದುಕೊಳ್ಳಿ. ಠರಾವು ಸಮಿತಿಗೆ ಹೋಗುತ್ತದೆ. ಮುಖ್ಯ ಶಾಸನ ವಿಶ್ಲೇಷಕರ ಕಚೇರಿ ಮಸೂದೆಯನ್ನು ಓದಿ ವರದಿ ಕೊಡುತ್ತದೆ. ನಂತರ ಪೂರ್ಣ ಕೌನ್ಸಿಲ್‌ನಲ್ಲಿ ಮತದಾನ. ಪಾಸಾದರೆ ಆ ನಿಲುವು ನಗರದ ಶಾಸನ ಕಾರ್ಯಕ್ರಮಕ್ಕೆ ಸೇರುತ್ತದೆ. ಸ್ಯಾಕ್ರಮೆಂಟೊದಲ್ಲೂ ವಾಷಿಂಗ್ಟನ್‌ನಲ್ಲೂ ನಗರದ ಪ್ರತಿನಿಧಿಗಳು ಅದನ್ನೇ ಹಿಡಿದು ವಾದಿಸುತ್ತಾರೆ.

ಆಮೇಲೆ ಏನಾಗುತ್ತದೆ? ಕ್ಯಾಲಿಫೋರ್ನಿಯದ ವಿಧಾನಮಂಡಲದಲ್ಲಿ ಪ್ರತಿ ಮಸೂದೆಗೂ ಸಮಿತಿಯ ಸಿಬ್ಬಂದಿ ಒಂದು ವಿಶ್ಲೇಷಣೆ ಬರೆಯುತ್ತಾರೆ. ಅದರ ಕೊನೆಯಲ್ಲಿ ಬೆಂಬಲಿಸಿದವರು ಯಾರು, ವಿರೋಧಿಸಿದವರು ಯಾರು ಎಂಬ ಪಟ್ಟಿ ಇರುತ್ತದೆ. ಸಂಘ ಸಂಸ್ಥೆಗಳ ಹೆಸರುಗಳ ನಡುವೆ ನಗರಗಳ ಹೆಸರೂ ಇರುತ್ತದೆ. ಸಮಿತಿಯಲ್ಲಿ ಮತ ಹಾಕಬೇಕಾದ ಶಾಸಕರು ಆ ಪಟ್ಟಿಯ ಮೇಲೆ ಕಣ್ಣಾಡಿಸುತ್ತಾರೆ. ತಮ್ಮ ಕ್ಷೇತ್ರದ ನಗರ ಯಾವ ಕಡೆ ಇದೆ ಎಂದು ನೋಡುತ್ತಾರೆ. ಆ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದ ಮಾತ್ರಕ್ಕೆ ನಗರ ಗೆಲ್ಲುವುದಿಲ್ಲ. ಆದರೆ ಮಸೂದೆಯಲ್ಲಿ ತಿದ್ದುಪಡಿ ಕೇಳುವಾಗ ಆ ಸಾಲು ನಗರಕ್ಕೆ ಬಲ ಕೊಡುತ್ತದೆ.

ನಿಮ್ಮ ಪಾಲು ಎಲ್ಲಿದೆ ಎಂಬುದಕ್ಕೆ ಈಗ ಬರುತ್ತೇನೆ. ಲಾಸ್ ಏಂಜಲೀಸಿನ ಕೌನ್ಸಿಲ್ ಕಾರ್ಯಸೂಚಿಯನ್ನು ಒಮ್ಮೆ ತೆರೆದು ನೋಡಿ. ಎಷ್ಟೋ ವಿಷಯಗಳ ಕೆಳಗೆ ಒಂದು ಪುಟ್ಟ ಸಾಲು ಅಚ್ಚಾಗಿರುತ್ತದೆ: ಸಮುದಾಯ ಪರಿಣಾಮ ಹೇಳಿಕೆ, ಸಲ್ಲಿಕೆಯಾಗಿಲ್ಲ. ನಗರದಲ್ಲಿ 99 ನೆರೆಹೊರೆ ಕೌನ್ಸಿಲ್‌ಗಳಿವೆ. 1999ರಲ್ಲಿ ಮತದಾರರು ಒಪ್ಪಿದ ನಗರ ಸನ್ನದಿನಿಂದ ಹುಟ್ಟಿದ ಸಂಸ್ಥೆಗಳಿವು. ಕೌನ್ಸಿಲ್ ಮುಂದಿರುವ ಯಾವುದೇ ಫೈಲಿನ ಬಗ್ಗೆ ಅವು ತಮ್ಮ ಅಭಿಪ್ರಾಯವನ್ನು ಹೇಳಿಕೆಯಾಗಿ ಸಲ್ಲಿಸಬಹುದು. ಪರ ಎನ್ನಬಹುದು, ವಿರೋಧ ಎನ್ನಬಹುದು, ತಿದ್ದಿದರೆ ಪರ ಎಂದೂ ಹೇಳಬಹುದು. ಹೇಳಿಕೆ ಸಲ್ಲಿಸಿದರೆ ಆ ಪುಟ್ಟ ಸಾಲಿನಲ್ಲಿ ಆ ನೆರೆಹೊರೆಯ ಹೆಸರು ಬರುತ್ತದೆ. ಸಲ್ಲಿಸದಿದ್ದರೆ ಸಲ್ಲಿಕೆಯಾಗಿಲ್ಲ ಎಂದೇ ಇರುತ್ತದೆ. ಆ ಪದವನ್ನು ಬದಲಿಸುವುದು ನಿಮ್ಮ ಕೈಯಲ್ಲಿದೆ.

ಇಲ್ಲಿ ನಮ್ಮವರಿಗೆ ಅತ್ಯಂತ ಮುಖ್ಯವಾದ ಸಂಗತಿಯೊಂದಿದೆ. ನೆರೆಹೊರೆ ಕೌನ್ಸಿಲ್ ಚುನಾವಣೆಯಲ್ಲಿ ಮತ ಹಾಕಲು ಅಮೆರಿಕದ ಪೌರತ್ವ ಬೇಕಿಲ್ಲ. ಆ ಪ್ರದೇಶದಲ್ಲಿ ವಾಸಿಸುತ್ತಿದ್ದರೆ, ಅಲ್ಲಿ ಕೆಲಸ ಮಾಡುತ್ತಿದ್ದರೆ, ಅಲ್ಲಿ ಆಸ್ತಿ ಇದ್ದರೆ ಸಾಕು. ನಗರದ ಮತ್ತು ರಾಜ್ಯದ ಸಾಮಾನ್ಯ ಚುನಾವಣೆಗಳಲ್ಲಿ ನಿಮಗೆ ಮತವಿಲ್ಲದಿರಬಹುದು. ಹಸಿರು ಕಾರ್ಡಿನ ಸಾಲಿನಲ್ಲಿ ವರ್ಷಗಳಿಂದ ನಿಂತಿರಬಹುದು. ಈ ಬಾಗಿಲು ಮಾತ್ರ ನಿಮಗೂ ತೆರೆದಿದೆ. ನಾರ್ತ್‌ರಿಡ್ಜ್, ಕನೋಗಾ ಪಾರ್ಕ್, ಪಾಮ್ಸ್ ಕಡೆ ಇರುವವರೇ, ದಯವಿಟ್ಟು ಇದನ್ನು ಗಮನಿಸಿ.

ಕೌನ್ಸಿಲ್ ಸಭೆಯಲ್ಲಿ ಮಾತಾಡುವುದಕ್ಕೂ ಪೌರತ್ವದ ಷರತ್ತು ಇಲ್ಲ. ಕ್ಯಾಲಿಫೋರ್ನಿಯದಲ್ಲಿ 1953ರಿಂದ ಬ್ರೌನ್ ಕಾಯ್ದೆ ಜಾರಿಯಲ್ಲಿದೆ. ಸ್ಥಳೀಯ ಸಂಸ್ಥೆಗಳ ಸಭೆಗಳು ಬಹಿರಂಗವಾಗಿ ನಡೆಯಬೇಕು, ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು, ಜನರಿಗೆ ಮಾತಾಡಲು ಅವಕಾಶ ಕೊಡಬೇಕು. ಸಭೆಗೆ ಬರುವವರು ಹೆಸರು ಬರೆಸಲೇಬೇಕೆಂದು ಒತ್ತಾಯಿಸುವಂತಿಲ್ಲ. ವೀಸಾದಲ್ಲಿರುವವರಿಗೆ ಈ ದಿನಗಳಲ್ಲಿ ಅಳುಕು ಇರುವುದು ಸಹಜ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮೈಕ್ ಮುಂದೆ ನಿಲ್ಲುವುದು ಬೇಡವೆನಿಸಿದರೆ ನಾಲ್ಕು ಸಾಲು ಬರೆದು ಕಳಿಸಿ. ಅದೂ ಬೇಡವೆನಿಸಿದರೆ ಪೌರತ್ವ ಪಡೆದ ಸ್ನೇಹಿತರಿಗೆ ವಿಷಯ ತಿಳಿಸಿ. ಅವರು ಮಾತಾಡಲಿ.

ಮಾತಾಡಲು ಸಿಗುವ ಸಮಯ ಸಾಮಾನ್ಯವಾಗಿ ಒಂದೇ ನಿಮಿಷ. ಅಂಕಿ ಅಂಶಗಳನ್ನು ಗುಡ್ಡೆ ಹಾಕಬೇಕಿಲ್ಲ, ಅವನ್ನು ಒದಗಿಸಲು ವಿಶ್ಲೇಷಕರಿದ್ದಾರೆ. ಅವರ ವರದಿಯಲ್ಲಿ ಸಿಗದ ನಿಮ್ಮ ಮನೆಯ ಸಂಗತಿ ಹೇಳಿ. ಉದಾಹರಣೆಗೆ ಹೀಗೆ:

“ನಾನು ಈ ನಗರದ ನಿವಾಸಿ. ನನ್ನ ಅತ್ತೆ ಮಾವ ದಾವಣಗೆರೆಯಿಂದ ಬಂದು ಪ್ರತಿವರ್ಷ ಕೆಲವು ತಿಂಗಳು ನಮ್ಮ ಜೊತೆ ಇರುತ್ತಾರೆ. ಅವರಿಗೆ ಕಾರು ಓಡಿಸಲು ಬರುವುದಿಲ್ಲ. ನಾವು ಕೆಲಸಕ್ಕೆ ಹೋದ ಮೇಲೆ ಸಂಜೆಯವರೆಗೂ ಮನೆಯೊಳಗೇ ಇರುತ್ತಾರೆ. ಬಸ್ ನಿಲ್ದಾಣಕ್ಕೆ ನಡೆದುಹೋಗುವಷ್ಟು ಹತ್ತಿರದಲ್ಲಿ ಮನೆ ಹುಡುಕಿದೆವು. ಬಾಡಿಗೆ ನಮ್ಮ ಕೈಗೆಟುಕಲಿಲ್ಲ. ಅಲ್ಲಿ ಮನೆಗಳು ಹೆಚ್ಚಬೇಕು. ಅದಕ್ಕಾಗಿ ಈ ಮಸೂದೆಯನ್ನು ವಿರೋಧಿಸಬೇಡಿ.”

ಇಷ್ಟೇ. ನಿಮ್ಮ ಅನುಭವ ಇದಕ್ಕೆ ಎದುರಾಗಿದ್ದರೆ ಎದುರಾದ ಮಾತನ್ನೇ ಆಡಿ. ಉಳಿತಾಯವನ್ನೆಲ್ಲ ಹಾಕಿ ಒಂದಂತಸ್ತಿನ ಮನೆ ಕೊಂಡಿದ್ದೀರಿ; ಪಕ್ಕದಲ್ಲೇ ದೊಡ್ಡ ಕಟ್ಟಡ ಎದ್ದರೆ ಹಿತ್ತಲಿಗೆ ಬಿಸಿಲು ಬರುವುದಿಲ್ಲ, ಒಳಚರಂಡಿ ತಾಳುವುದೇ ಎಂಬ ಚಿಂತೆ. ಆ ಚಿಂತೆಗೂ ಅಷ್ಟೇ ಹಕ್ಕಿದೆ. ಎರಡೂ ಮಾತು ಕೇಳಿಸಿಕೊಂಡು ಹೇಳಿದ ನಿಲುವಿಗೆ ತೂಕ ಹೆಚ್ಚು ಎಂದು ನಾನು ನಂಬಿದ್ದೇನೆ. ಇಂಗ್ಲಿಷಿನಲ್ಲಿ ಮಾತಾಡಲು ಹಿರಿಯರಿಗೆ ಕಷ್ಟವಾದರೆ ಅನುವಾದದ ನೆರವನ್ನು ಮುಂಚಿತವಾಗಿ ಕೇಳಬಹುದು.

ನಮ್ಮವರು ಮಾತಾಡುವುದಿಲ್ಲ ಎಂದೂ ಅಲ್ಲ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಕೌನ್ಸಿಲ್ ಜಾತಿ ತಾರತಮ್ಯವನ್ನು ನಿಷೇಧಿಸುವ ಕಾನೂನು ಮಾಡಿದಾಗ ಪರವಾಗಿಯೂ ವಿರೋಧವಾಗಿಯೂ ಮಾತಾಡಲು ಭಾರತೀಯರು ಸಾಲುಗಟ್ಟಿದ್ದರು. ಅದೇ ವರ್ಷ ಕ್ಯಾಲಿಫೋರ್ನಿಯದಲ್ಲಿ ಅದೇ ಉದ್ದೇಶದ ಎಸ್‌ಬಿ 403 ಮಸೂದೆ ಬಂದಾಗಲೂ ಹಾಗೆಯೇ ಆಯಿತು; ಕೊನೆಗೆ ಗವರ್ನರ್ ಅದನ್ನು ಅಕ್ಟೋಬರ್‌ನಲ್ಲಿ ವೀಟೊ ಮಾಡಿದರು. ಮನಸ್ಸಿಗೆ ನೇರವಾಗಿ ತಟ್ಟಿದಾಗ ಬರುತ್ತೇವೆ. ಬಸ್ಸು, ಬಾಡಿಗೆ, ಶಾಲೆ, ಕುಡಿಯುವ ನೀರು ಎಂದಾಗ ಬೇರೆಯವರು ನೋಡಿಕೊಳ್ಳುತ್ತಾರೆ ಎಂದುಕೊಳ್ಳುತ್ತೇವೆ. ಅದೇ ಹುರುಪು ಈ ವಿಷಯಗಳಿಗೂ ಬರಲಿ ಎಂಬುದು ನನ್ನ ಆಸೆ.

ಗುಂಡಿ ಬಿದ್ದ ರಸ್ತೆ ಸರಿ ಮಾಡದ ನಗರಕ್ಕೆ ವಾಷಿಂಗ್ಟನ್ನಿನ ಉಸಾಬರಿ ಏಕೆ ಎಂದು ಕೆಲವರು ಕೇಳುತ್ತಾರೆ. ಕೌನ್ಸಿಲ್‌ನ ಸಮಯಕ್ಕೆ ಬೆಲೆ ಇದೆ ಎಂಬ ಅವರ ಮಾತನ್ನು ಒಪ್ಪುತ್ತೇನೆ. 2003ರಲ್ಲಿ ಅಮೆರಿಕದ ಎಷ್ಟೋ ನಗರಗಳು ಇರಾಕ್ ಯುದ್ಧ ಬೇಡ ಎಂದು ಠರಾವು ಮಾಡಿದವು. ಯುದ್ಧ ನಿಲ್ಲಲಿಲ್ಲ. ಇನ್ನೊಂದು ಉದಾಹರಣೆಯೂ ಇದೆ. ದಕ್ಷಿಣ ಆಫ್ರಿಕದ ವರ್ಣಭೇದ ಆಡಳಿತದೊಂದಿಗೆ ವ್ಯವಹರಿಸುವ ಸಂಸ್ಥೆಗಳಿಂದ ನಗರದ ಹಣವನ್ನು ಹಿಂದೆಗೆಯಬೇಕೆಂದು 1979ರಲ್ಲಿ ಬರ್ಕ್ಲಿಯ ಮತದಾರರು ತೀರ್ಮಾನಿಸಿದರು. ನಂತರ ಹಲವು ನಗರಗಳು, ರಾಜ್ಯಗಳು ಅದೇ ದಾರಿ ಹಿಡಿದವು. 1986ರಲ್ಲಿ ಅಧ್ಯಕ್ಷ ರೇಗನ್ ಅವರ ವೀಟೊವನ್ನೂ ಮೀರಿ ಅಮೆರಿಕದ ಕಾಂಗ್ರೆಸ್ ದಕ್ಷಿಣ ಆಫ್ರಿಕದ ಮೇಲೆ ನಿರ್ಬಂಧ ಹೇರುವ ಕಾಯ್ದೆ ಮಾಡಿತು. ನಗರಗಳಿಂದಲೇ ಅದು ಆಯಿತು ಎನ್ನಲಾರೆ. ನಗರಗಳು ಸುಮ್ಮನಿದ್ದಿದ್ದರೆ ಅಷ್ಟು ಬೇಗ ಆಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ದೂರದ ಕಾನೂನು ಬಂದು ತಟ್ಟುವುದು ಊರಿನ ಮನೆಗಳಿಗೇ ಅಲ್ಲವೇ? ಉದ್ಯೋಗ ಆಧಾರಿತ ಹಸಿರು ಕಾರ್ಡ್‌ಗಳು ವರ್ಷಕ್ಕೆ ಸುಮಾರು 1,40,000. ಒಂದು ದೇಶದವರಿಗೆ ಶೇ. 7ರ ಮಿತಿ. ಈ ಲೆಕ್ಕ ನಿಮಗೆ ಬಾಯಿಪಾಠವಾಗಿದೆ. ಎಚ್–4 ವೀಸಾದಲ್ಲಿರುವ ಕೆಲವು ಸಂಗಾತಿಗಳಿಗೆ 2015ರಿಂದ ಕೆಲಸದ ಪರವಾನಗಿ ಸಿಗುತ್ತಿರುವುದು ಒಂದು ಫೆಡರಲ್ ನಿಯಮದಿಂದ. ಕಾನೂನು ತಿದ್ದುವ ಅಧಿಕಾರ ನಗರಕ್ಕಿಲ್ಲ. ಆದರೆ ಆ ಕುಟುಂಬಗಳು ಬಾಳುತ್ತಿರುವುದು ನಗರದಲ್ಲಿ. ಒಬ್ಬ ಶಿಕ್ಷಕಿಯೋ ಎಂಜಿನಿಯರೋ ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕಾದರೆ ಅದರ ನಷ್ಟ ನಗರಕ್ಕೂ ಇದೆ. ಈ ಸಂಗತಿಯನ್ನು ಕೌನ್ಸಿಲ್ ಸದಸ್ಯರ ಮುಂದೆ ಇಡಬೇಕಾದವರು ಅದನ್ನು ಅನುಭವಿಸುತ್ತಿರುವವರೇ. ಠರಾವು ಮಂಡಿಸಿ ಎಂದು ನಿಮ್ಮ ಸದಸ್ಯರ ಕಚೇರಿಗೆ ಪತ್ರ ಬರೆಯುವ ಹಕ್ಕು ನಿಮಗಿದೆ.

ಬೇರೆ ಊರುಗಳ ಪದ್ಧತಿ ಸ್ವಲ್ಪ ಬೇರೆ. ಸಿಯಾಟಲ್ ಪ್ರತಿ ವರ್ಷ ತನ್ನ ರಾಜ್ಯ ಶಾಸನ ಕಾರ್ಯಸೂಚಿಯನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳುತ್ತದೆ. ಎಷ್ಟೋ ಸಣ್ಣ ನಗರಗಳು ಮೊದಲೇ ಒಪ್ಪಿಕೊಂಡ ತತ್ವಗಳ ಪಟ್ಟಿಯ ಆಧಾರದ ಮೇಲೆ ಮೇಯರ್ ಸಹಿಯ ಪತ್ರ ಕಳಿಸುತ್ತವೆ. ಅಂಥ ಊರಿನಲ್ಲಿದ್ದರೆ ನೀವು ಮಾತಾಡಬೇಕಾದದ್ದು ಆ ಪಟ್ಟಿ ಕೌನ್ಸಿಲ್ ಮುಂದೆ ಬಂದಾಗ. ಅದು ಸದ್ದಿಲ್ಲದೆ ಪಾಸಾಗುವ ವಿಷಯಗಳ ಸಾಲಿನಲ್ಲಿ ಸೇರಿಹೋಗುವುದುಂಟು. ನಿಮ್ಮ ನಗರದ ಗುಮಾಸ್ತರ ಕಚೇರಿಗೆ ಒಂದು ಫೋನ್ ಮಾಡಿ ಕೇಳಿದರೆ ಯಾವಾಗ ಬರುತ್ತದೆ ಎಂದು ಹೇಳುತ್ತಾರೆ.

ಕಾಲದ ಬಗ್ಗೆ ಒಂದು ಮಾತು. ಕ್ಯಾಲಿಫೋರ್ನಿಯದಲ್ಲಿ ಹೊಸ ಮಸೂದೆಗಳನ್ನು ಮಂಡಿಸಲು ಸಾಮಾನ್ಯವಾಗಿ ಫೆಬ್ರವರಿ ಮೂರನೇ ವಾರದವರೆಗೆ ಗಡುವು. ಅವು ಸಮಿತಿಗಳ ಮುಂದೆ ಬರುವ ಹೊತ್ತಿಗೆ ನಮ್ಮ ಯುಗಾದಿ. ಗಣೇಶನ ಹಬ್ಬದ ವೇಳೆಗೆ ಅಧಿವೇಶನ ಮುಗಿಯುತ್ತಾ ಬಂದಿರುತ್ತದೆ, ಕೆಲವು ವರ್ಷ ಮುಗಿದೇ ಹೋಗಿರುತ್ತದೆ. ರಾಜ್ಯೋತ್ಸವಕ್ಕೆ ಸೇರುವಷ್ಟರಲ್ಲಿ ಎಲ್ಲವೂ ಇತ್ಯರ್ಥವಾಗಿರುತ್ತದೆ. ಆದ್ದರಿಂದ ಕನ್ನಡ ಕೂಟಗಳ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಯುಗಾದಿ ಕಾರ್ಯಕ್ರಮದಲ್ಲಿ ಊಟಕ್ಕೆ ಮೊದಲು ಹತ್ತು ನಿಮಿಷ ಬಿಟ್ಟುಕೊಡಿ. ಆ ವರ್ಷ ನಿಮ್ಮ ನಗರದ ಮುಂದೆ ಯಾವ ಮಸೂದೆಗಳಿವೆ ಎಂದು ಬಲ್ಲವರೊಬ್ಬರು ತಿಳಿಸಲಿ. ದತ್ತಿ ಸಂಸ್ಥೆಗಳಾಗಿ ನೋಂದಾಯಿತವಾದ ಕೂಟಗಳು ಅಭ್ಯರ್ಥಿಗಳ ಪರ ಪ್ರಚಾರ ಮಾಡುವಂತಿಲ್ಲ. ಸದಸ್ಯರಿಗೆ ಮಾಹಿತಿ ಕೊಡಲು ಅಡ್ಡಿಯಿಲ್ಲ. ಪರವೋ ವಿರೋಧವೋ ಅವರವರೇ ತೀರ್ಮಾನಿಸಲಿ.

ಇನ್ನು ಓದುಗರಾದ ನಿಮ್ಮಲ್ಲೂ ಒಂದು ವಿನಂತಿ. ನಿಮ್ಮ ಮನೆ ಯಾವ ಕೌನ್ಸಿಲ್ ಸದಸ್ಯರ ಕ್ಷೇತ್ರಕ್ಕೆ, ಯಾವ ನೆರೆಹೊರೆ ಕೌನ್ಸಿಲ್‌ಗೆ ಸೇರುತ್ತದೆ ಎಂದು ಇವತ್ತು ನಗರದ ಜಾಲತಾಣದಲ್ಲಿ ವಿಳಾಸ ಹಾಕಿ ನೋಡಿಕೊಳ್ಳಿ. ಮುಂದಿನ ಸಭೆಯ ದಿನಾಂಕ ಬರೆದಿಟ್ಟುಕೊಳ್ಳಿ. ಮೊದಲ ಸಲ ಸುಮ್ಮನೆ ಕೂತು ಕೇಳಿದರೂ ಸಾಕು. ಎರಡನೆಯ ಸಲ ಹೋದಾಗ ಒಂದು ಪ್ರಶ್ನೆ ಕೇಳಿ: ಈ ವರ್ಷದ ಯಾವ ಮಸೂದೆಗಳ ಬಗ್ಗೆ ನಾವು ನಗರಕ್ಕೆ ಹೇಳಿಕೆ ಕಳಿಸಿದ್ದೇವೆ? ಒಂದರ ಬಗ್ಗೆಯೂ ಇಲ್ಲ ಎಂಬ ಉತ್ತರ ಬಂದರೆ, ನಿಮಗೆ ಮುಖ್ಯವೆನಿಸಿದ ಒಂದನ್ನು ಮುಂದಿನ ತಿಂಗಳ ಕಾರ್ಯಸೂಚಿಗೆ ಸೇರಿಸಲು ಕೇಳಿಕೊಳ್ಳಿ.