ಕಾವಲಿಗೆ ನಿಂತ ಮೀನು

ವಸಂತ ಬಂದ್ರೆ ಸಾಕು, ಟೆಕ್ಸಾಸ್‌ನಲ್ಲಿರೋ ನಮ್ಮ ಟೀಮಿನವರು ಬಾಸ್ ಮೀನು ಹಿಡಿದ ಫೋಟೋ ಕಳಿಸ್ತಾರೆ. ಜೊತೆಗೇ ಯಾವ ಬಣ್ಣದ ಲೂರ್, ಯಾವ ಕಂಪನಿ ಅಂತ ಚರ್ಚೆ. ಸ್ವಾಮೀ, ಆಗ ಲೂರ್ ಲೆಕ್ಕಕ್ಕೇ ಇಲ್ಲ! ನೀರು 18 ಡಿಗ್ರಿ ಆಸುಪಾಸಿಗೆ ಬಂದಾಗ ಗಂಡು ಬಾಸ್ ದಡದ ಹತ್ತಿರ ಗುಂಡಿ ಮಾಡಿ ಮೊಟ್ಟೆ ಕಾಯುತ್ತೆ. ರಬ್ಬರ್ ಹುಳ ಅಲ್ಲಿ ಬಿದ್ರೆ ಕಚ್ಚೋದು ಹಸಿವಿಗಲ್ಲ, ಓಡಿಸೋಕೆ. ಫೋಟೋ ತೆಗೆದು ವಾಪಸ್ ಬಿಡೋದ್ರೊಳಗೆ ಬ್ಲೂಗಿಲ್ ಮೀನುಗಳು ಮೊಟ್ಟೆಗೆ ಮುತ್ತಿರ್ತವೆ.

ಮಲೆನಾಡಲ್ಲೂ ಮೊದಲ ಮಳೆಗೆ, ಮೊಟ್ಟೆಯಿಡಲು ಬರೋ ಹತ್ತುಮೀನು ಕಡೀತಾರೆ. ನಾನೂ ಕಡಿದಿದ್ದೀನಿ, ತಪ್ಪೇ. ಆದ್ರೆ ಅದನ್ನ ಕೈಚಳಕ ಅಂತ ಕೊಚ್ಚಿಕೊಂಡಿಲ್ಲ.

ಕೈಚಳಕ ತೋರಿಸ್ಬೇಕಾ? ಬೇಸಿಗೆಗೆ ಹೋಗಿ. ಮಧ್ಯಾಹ್ನ ಬಾಸ್ ಆಳಕ್ಕಿಳಿದಿರುತ್ತೆ. ಗಾಳದ ಮೊನೆಯನ್ನ ಹುಳದೊಳಗೆ ಅಡಗಿಸಿ, ತಳದಲ್ಲಿ ನಿಧಾನಕ್ಕೆ ಎಳೆದು ಒಲಿಸಿ ನೋಡಿ. ಆಮೇಲೆ ಲೂರ್ ವಿಷಯ ಮಾತಾಡೋಣ.