ಕೇಪಿನ ಕೋವಿಗೆ ಎಣ್ಣೆಂದ ಮದಲು ಬೆಶಿನೀರು

ನಮ್ಮ ಹೊಡೆಲಿ ಕೇಪಿನ ಕೋವಿ ಹಾಳಪ್ಪದು ಹೊಟ್ಟುಸಿ ಅಲ್ಲ, ತೊಳೆಯದ್ದೆ. ಇದರ ಹೇಳಿಯಪ್ಪಗ ಎಲ್ಲೋರದ್ದೂ ಒಂದೇ ಪ್ರಶ್ನೆ: "ಮಂಗನ ಹೆದರ್ಸಲೆ ಬರೇ ಮದ್ದು ಹಾಕುದು ಭಾವ, ಗುಂಡು ಹಾಕುತ್ತಿಲ್ಲೆ, ಅದಕ್ಕೆಂತ ತೊಳವದು?" ಗುಂಡು ಹಾಕಲಿ ಬಿಡಲಿ, ಮಶಿ ಬಪ್ಪದು ಮದ್ದಿಂದ.

ಕರಿಮದ್ದಿಲಿ ಇಪ್ಪದು ಮೂರೇ ಸಾಮಾನು – ಪೆಟ್ಲುಪ್ಪು, ಇದ್ದಿಲು, ಗಂಧಕ. ಹೊತ್ತಿಯಪ್ಪಗ ಅದರ ತೂಕದ ಅರ್ಧಂದಲೂ ಹೆಚ್ಚು ಗಾಳಿ ಆವುತ್ತಿಲ್ಲೆ. ರಜ ಹೊಗೆಯೊಟ್ಟಿಂಗೆ ಹೆರ ಹೋವುತ್ತು, ಒಳುದ್ದು ನಳಿಗೆಯ ಒಳ ಅಂಟುತ್ತು. ತೋಟೆ ಕೋವಿಯ ಈಗಾಣ ಮದ್ದಿಂಗೆ ಈ ರಗಳೆ ಇಲ್ಲೆ, ಅದು ಹೆಚ್ಚುಕಮ್ಮಿ ಪೂರ ಗಾಳಿ ಆಗಿ ಹೋವುತ್ತು. ಕರಿಮದ್ದಿನ ಮಶಿ ಹೇಳಿರೆ ಒಲೆ ಮಶಿಯ ಹಾಂಗಲ್ಲ, ಅದರಲ್ಲಿ ಕ್ಷಾರದ ಉಪ್ಪುಗೊ ಇದ್ದು. ಆಟಿ ತಿಂಗಳಿಲಿ ಭರಣಿಯ ಉಪ್ಪು ನೀರು ಬಿಡ್ತಲ್ಲದಾ, ಹಾಂಗೇ ಇದುದೇ ಗಾಳಿಯ ಪಸೆಯ ಎಳಕ್ಕೊಂಡು ಕಬ್ಬಿಣವ ತಿಂಬಲೆ ಸುರು ಮಾಡ್ತು. ನಮ್ಮ ಊರಿನ ಮಳೆಗಾಲಕ್ಕೆ ಒಂದು ಇರುಳು ಸಾಕು.

"ಎಣ್ಣೆ ಕಿಟ್ಟಿ ಮಡುಗಿರೆ ಎಂತಾಗ" ಹೇಳ್ತವರ ಕಂಡರೆ ಎನಗೆ ಪಿಸುರು ಬತ್ತು. ಉಪ್ಪು ಎಣ್ಣೆಲಿ ಕರಗುತ್ತೋ? ಮಶಿಯ ಮೇಲೆ ಮಿಶನು ಎಣ್ಣೆ ಕಿಟ್ಟಿರೆ ಡಾಮರಿನ ಹಾಂಗೆ ಆವುತ್ತು, ಅಡಿಲಿ ತುಕ್ಕು ಹಿಡಿವದು ಹಿಡಿತ್ತು. ಚಿಮಿಣೆಣ್ಣೆಯ ಕತೆಯೂ ಅದುವೇ.

ಆನು ಮಾಡುವ ಕ್ರಮ ಹೇಳ್ತೆ. ಮದಾಲು ಕೋವಿ ಖಾಲಿಯೋ ಹೇಳಿ ಗಜ ಹಾಕಿ ನೋಡುದು. ಖಾಲಿ ನಳಿಗೆಲಿ ಗಜ ಎಲ್ಲಿವರೆಗೆ ಇಳಿತ್ತು ಹೇಳಿ ಒಂದು ಗೀಟು ಹಾಕಿ ಮಡುಗೆಕ್ಕು. ಗೀಟು ಮೂತಿಂದ ಮೇಗೆ ನಿಂದರೆ ಒಳ ಎಂತದೋ ಇದ್ದು. ಮತ್ತೆ ನಿಪ್ಪಲಿನ ಕಳಚಿ, ಬೆಶಿನೀರ ಕೊಟ್ಟಗೆಲಿ ಕೊದಿವಷ್ಟು ಬೆಶಿ ನೀರಿನ ನಳಿಗೆಗೆ ಎರೆತ್ತದು. ಸುರುವಾಣ ನೀರು ಕಪ್ಪು, ಕೊಳದ ಮೊಟ್ಟೆಯ ವಾಸನೆ – ಗಂಧಕದ್ದು. (ಎಜಮಾಂತಿ ಮೂಗು ಮುಚ್ಚಿಗೊಂಡು "ಇದರ ಮೀಶುಲೆ ಎನ್ನ ಬೆಶಿನೀರೇ ಆಯೆಕ್ಕೋ" ಹೇಳಿ ಕೇಳ್ತು.) ನೀರು ತೆಳಿ ಬಪ್ಪನ್ನಾರ ಎರೆಯೆಕ್ಕು, ಗಜಕ್ಕೆ ಹಳೆ ವೇಷ್ಟಿಯ ತುಂಡು ಸುತ್ತಿ ಉದ್ದೆಕ್ಕು. ತಣ್ಣೀರಿಲಿಯೂ ಮಶಿ ಹೋಕು, ಆದರೆ ಒಣಗುಸುದು ಬಂಙ. ಬೆಶಿನೀರಾದರೆ ನಳಿಗೆಯೇ ಬೆಶಿ ಆಗಿ ಬೇಗ ಒಣಗುತ್ತು. ಪೂರ ಒಣಗಿದ ಮತ್ತೆ ಎಣ್ಣೆ, ಅದುದೇ ಹೊಲಿಗೆ ಮಿಶನಿಂಗೆ ಬಿಡುವ ಎಣ್ಣೆ. ತೆಂಗಿನೆಣ್ಣೆ ಚಳಿಗೆ ಹೆಪ್ಪು ಕಟ್ಟುತ್ತು, ಹಳತ್ತಾದರೆ ಕನರುತ್ತು.

ಉದಾಸೀನ ಮಾಡಿರೆ ಬರೇ ತುಕ್ಕಿಲಿ ಮುಗಿಯ. ಮಶಿ ಕಟ್ಟಿದ ನಳಿಗೆ ಸಪುರ ಆವುತ್ತು, ಗುಂಡು ಮದ್ದಿನ ಮೇಲೆ ಕೂರದ್ದೆ ಅರ್ಧಲ್ಲಿ ಸಿಕ್ಕುತ್ತು. ಎಡೆಲಿ ಜಾಗೆ ಒಳುದರೆ ನಳಿಗೆಯೇ ಒಡವಲೂ ಸಾಕು. ನಿಪ್ಪಲಿನ ಒಟ್ಟೆ ಕಟ್ಟಿರೆ ಕೇಪು ಮಾಂತ್ರ ಟಪ್ ಹೇಳುಗು, ಮದ್ದು ರಜ ತಡವಾಗಿ ಹೊತ್ತುಲೂ ಸಾಕು. ಅಷ್ಟಪ್ಪಗ ಆರಾದರೂ "ಎಂತಾತು" ಹೇಳಿ ಮೂತಿಗೆ ಬಗ್ಗಿ ನೋಡಿರೆ?

ಅಮೇರಿಕಲ್ಲಿಪ್ಪ ಎನ್ನ ಅಳಿಯ° ಇದೇ ಕರಿಮದ್ದಿನ ಹಳೇ ನಮುನೆಯ ರಿವಾಲ್ವರಿಲಿ ಗುರಿ ಅಭ್ಯಾಸ ಮಾಡ್ತ°. ಅದರಲ್ಲಿ ಗುಂಡಿನ ಉರುಳೆ ತಿರುಗುವ ಅಚ್ಚಿಂಗೇ ಮಶಿ ಹಿಡುದು ಜಾಮು ಆವುತ್ತಡ. ಕೋಲ್ಟಿನ ಅಚ್ಚಿಲಿ ಗ್ರೀಸು ನಿಂಬಲೆ ಗೆರೆ ಇದ್ದು, ರೆಮಿಂಗ್ಟನಿನ ಸಪುರ ಅಚ್ಚು ಬೇಗ ಹಿಡಿತ್ತು. ಅವ° ಜೇನಮೇಣಕ್ಕೆ ಕೊಬ್ಬು ಸೇರ್ಸಿ ಕಿಟ್ಟುತ್ತ°, ಮಶಿ ಗಟ್ಟಿ ಆಗದ್ದೆ ಮೆಸ್ತಂಗೆ ಒಳಿತ್ತು. ಅವನೂ ಅಕೇರಿಗೆ ತೊಳವದು ಬೆಶಿನೀರಿಲೇ.

ಇನ್ನು ಓಟಿನ ಸಂಗತಿ. 2024ರ ಲೋಕಸಭೆ ಓಟಿಂಗೆ ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು, ನಮ್ಮ ಜಿಲ್ಲೆಯ ಓಟು ಎಪ್ರಿಲ್ 26ಕ್ಕೇ ಮುಗುದತ್ತು, ಎಣಿಕೆ ಆದ್ದು ಜೂನ್ 4ಕ್ಕೆ. ಬೆಳೆ ಕಾವಲೆ ಲೈಸೆನ್ಸು ಇಪ್ಪ ಕೋವಿ, ಬೆಳೆ ಇಪ್ಪಗಳೇ ಠಾಣೆಲಿ. ಕೊಡ್ಲಾಗ ಹೇಳಿ ಆನು ಹೇಳ್ತಿಲ್ಲೆ, ಓಟಿನ ಸಮಯಲ್ಲಿ ಕೋವಿ ಊರಿಲಿ ತಿರುಗುದು ಬೇಡ ಹೇಳುದು ಸರಿಯೇ. ಆದರೆ ತಿಂಗಳುಗಟ್ಲೆ ರಾಶಿಲಿ ಇದ್ದ ಕೋವಿ ಮಳೆ ಸುರು ಅಪ್ಪಗ ಕೈಗೆ ಬತ್ತು. ತಿಂಗಳಿಂಗೊಂದರಿ ಅಲ್ಲಿಯೇ, ಅವರ ಎದುರೇ, ಹತ್ತು ನಿಮಿಷ ಉದ್ದಿ ಎಣ್ಣೆ ಕಿಟ್ಟುಲೆ ಬಿಟ್ಟರೆ ಕಾನೂನಿಂಗೆ ಎಂತ ಕುಂದು ಬಕ್ಕು? ಕೋವಿ ಖಾಲಿ, ಮದ್ದು ಮನೆಲಿ, ಪೋಲೀಸು ಎದುರು.

ಹಾಂಗೇಳಿ ಠಾಣೆಯವರ ಬೈವವರ ಹತ್ರೆ ಎನಗೂ ಒಂದು ಕೇಳ್ಲಿದ್ದು: ಕೊಡುವ ಮುನ್ನಾಣ ದಿನ ನಿಂಗೊ ತೊಳದ್ದಿರೋ? ಅಕೇರಿಗೆ ಮಂಗಂಗೆ ಬಿಟ್ಟ ಬೆಡಿಯ ಮಶಿ ಒಳವೇ ಮಡುಗಿ ಕೊಟ್ಟವು ಸುಮಾರು ಜೆನ ಇದ್ದವು.

ವಾಪಾಸು ಬಂದಪ್ಪಗ ಸೀದಾ ಮದ್ದು ಹಾಕೆಡಿ. ಗಜ ಹಾಕಿ ನೋಡಿ, ಒಳಾಣ ಎಣ್ಣೆಯ ಉದ್ದಿ ತೆಗದು, ಬರೇ ಕೇಪು ಮಡುಗಿ ಮೂತಿಯ ಹುಲ್ಲಿನ ಹತ್ರೆ ಹಿಡುದು ಹೊಟ್ಟುಸಿ. ಹುಲ್ಲು ಹಂದಿರೆ ಒಟ್ಟೆ ಬಿಡುಸಿದ್ದು. ಹಂದದ್ರೆ ನಿಪ್ಪಲಿನ ಪುನಾ ಕಳಚಿ ಸೂಜಿ ಹಾಕಿ.